ಐದೂವರೆ ಗಂಟೆಯ ವ್ಯತ್ಯಾಸ: ನರಗುಂದದ ವೇಳೆ ಎಲ್ಲಿ ಹೋಯಿತು?

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಪರಿಚಯವಿರುವ ತೊಂದರೆ ಇದು. ಬೆಳಿಗ್ಗೆ ಹತ್ತಕ್ಕೆ ವಿಂಡೋಸ್ ಮುಚ್ಚಿ ಲಿನಕ್ಸ್ ಶುರು ಮಾಡಿದರೆ ಗಡಿಯಾರ ಮಧ್ಯಾಹ್ನ ಮೂರೂವರೆ ತೋರಿಸುತ್ತದೆ. ಕೆಲವೊಮ್ಮೆ ಯಂತ್ರ ಏಳುವ ಮೊದಲೇ, ಡಿಸ್ಕನ್ನು ಹಿಂದಿನ ಸಲ ಬಳಸಿದ ಹೊತ್ತು ಇನ್ನೂ ಬಂದೇ ಇಲ್ಲ ಎಂಬ ದೂರು ಪರದೆಯ ಮೇಲೆ ಮೂಡುತ್ತದೆ. ರೋಣವಿರಲಿ, ಗಜೇಂದ್ರಗಡವಿರಲಿ, ವ್ಯತ್ಯಾಸ ಮಾತ್ರ ಸರಿಯಾಗಿ ಐದೂವರೆ ಗಂಟೆ. ಚಳಿಗಾಲದ ಲಂಡನ್ನಿನಲ್ಲಿ ಇದೇ ಯಂತ್ರ ಯಾವ ತಪ್ಪನ್ನೂ ತೋರಿಸುವುದಿಲ್ಲ. ಹಾಗಾದರೆ ಈ ದೋಷಕ್ಕೊಂದು ಭೂಗೋಳವಿದೆ, ಇತಿಹಾಸವೂ ಇದೆ.

ಕಂಪ್ಯೂಟರಿನಲ್ಲಿ ಎರಡು ಗಡಿಯಾರಗಳಿವೆ. ಒಂದು, ಯಂತ್ರ ಆರಿದಾಗಲೂ ಪುಟ್ಟ ಬ್ಯಾಟರಿಯ ಬಲದಲ್ಲಿ ನಡೆಯುವ ಚಿಪ್ಪು. 1984ರ ಐಬಿಎಂ ಪಿಸಿ ಎಟಿಯಿಂದ ಇದು ಮದರ್‌ಬೋರ್ಡಿನ ಭಾಗವಾಯಿತು. ಇನ್ನೊಂದು, ಯಂತ್ರ ಎದ್ದಾಗ ಮೊದಲನೆಯದನ್ನು ಕೇಳಿ ತನ್ನ ಎಣಿಕೆ ಶುರು ಮಾಡುವ ಕಾರ್ಯಾಚರಣ ವ್ಯವಸ್ಥೆಯ ಗಡಿಯಾರ. ಚಿಪ್ಪು ಬರೀ ಅಂಕಿ ಹೇಳುತ್ತದೆ, ಅದು ಯಾವ ಊರಿನ ವೇಳೆ ಎಂದು ಹೇಳುವುದಿಲ್ಲ. ಡಾಸ್ ಪರಂಪರೆಯ ವಿಂಡೋಸ್ ಅದನ್ನು ಸ್ಥಳೀಯ ವೇಳೆ ಎಂದು ಓದುತ್ತದೆ. ಯೂನಿಕ್ಸ್ ಪರಂಪರೆಯ ಲಿನಕ್ಸ್ ಯುಟಿಸಿ ಎಂಬ ಜಾಗತಿಕ ವೇಳೆ ಎಂದು ಓದಿ ಅದಕ್ಕೆ ಐದೂವರೆ ಗಂಟೆ ಕೂಡಿಸುತ್ತದೆ. ಇಬ್ಬರೂ ತಮ್ಮ ಮಟ್ಟಿಗೆ ಸರಿ. ಆಕರ ಒಂದೇ, ಓದು ಎರಡು.

ಇಂಥ ಆಕರವನ್ನು ಲಿನಕ್ಸ್ ಪರೀಕ್ಷಿಸುವ ರೀತಿ ಇತಿಹಾಸದ ವಿದ್ಯಾರ್ಥಿಗೆ ಹೊಸದೇನಲ್ಲ. ಡಿಸ್ಕ್ ತಪಾಸಣೆಯ ಉಪಕರಣ, ವ್ಯತ್ಯಾಸ ಒಂದು ದಿನಕ್ಕಿಂತ ಕಡಿಮೆಯಿದ್ದರೆ ಚಿಪ್ಪಿನ ಗಡಿಯಾರವನ್ನು ತಪ್ಪಾಗಿ ಹೊಂದಿಸಿರಬೇಕು ಎಂದು ಊಹಿಸುತ್ತದೆ. ಹೆಚ್ಚಿನ ಲಿನಕ್ಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಇನ್ನೂ ಜಾಣ. ಬ್ಯಾಟರಿ ಸತ್ತು ಚಿಪ್ಪು ಎಷ್ಟೋ ವರ್ಷ ಹಿಂದಿನ ದಿನಾಂಕ ಹೇಳಿದರೆ, ತಾನು ಸಿದ್ಧಗೊಂಡ ದಿನಕ್ಕಿಂತ ಹಿಂದೆ ತಾನು ಓಡುತ್ತಿರಲು ಸಾಧ್ಯವಿಲ್ಲವೆಂದು ತರ್ಕಿಸಿ ಗಡಿಯಾರವನ್ನು ಕನಿಷ್ಠ ಆ ದಿನಕ್ಕೆ ತರುತ್ತದೆ. ಶಾಸನಶಾಸ್ತ್ರದಲ್ಲಿ ನಾವು ಮಾಡುವುದೂ ಇದನ್ನೇ. ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ ಸಿಕ್ಕ ಗಂಗ ಬೂತುಗನ ತಾಮ್ರಶಾಸನ ತನ್ನ ಕಾಲ ಕ್ರಿ.ಶ. 938 ಎಂದು ಹೇಳಿಕೊಳ್ಳುತ್ತದೆ. ಅದನ್ನು ಸಂಪಾದಿಸಿದ ಜೆ.ಎಫ್. ಫ್ಲೀಟ್ ಅದು ಕೂಟಶಾಸನವೆಂದು ಅಭಿಪ್ರಾಯಪಟ್ಟರು. ದಾಖಲೆ ತನ್ನ ಬಗ್ಗೆ ತಾನೇ ಹೇಳುವ ದಿನಾಂಕ ಒಂದು ಸಾಕ್ಷಿ ಮಾತ್ರ, ತೀರ್ಪಲ್ಲ.

ಇನ್ನು ಆ ಐದೂವರೆ ಗಂಟೆ. ಸೂರ್ಯನನ್ನು ಕೇಳಿದರೆ ರೋಣದ ವೇಳೆ ಗ್ರೀನಿಚ್‌ಗಿಂತ ಸುಮಾರು 5 ಗಂಟೆ 3 ನಿಮಿಷ ಮುಂದೆ. ಪಶ್ಚಿಮದ ನರಗುಂದಕ್ಕೂ ಪೂರ್ವದ ಗಜೇಂದ್ರಗಡಕ್ಕೂ ನಡುವೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಅಂತರ. ಗಡಿಯಾರದಲ್ಲಿ ಹನ್ನೆರಡಾದ ಮೇಲೆ ಈ ಊರುಗಳಲ್ಲಿ ಸೂರ್ಯ ನೆತ್ತಿಗೆ ಬರಲು ಸರಾಸರಿ ಇನ್ನೂ 26ರಿಂದ 29 ನಿಮಿಷ ಬೇಕು. 19ನೇ ಶತಮಾನದ ಕೊನೆಗೆ ರೈಲು ಈ ಸೀಮೆಗೆ ಬಂದಾಗ ಭಾರತದ ರೈಲುಗಳು ಓಡುತ್ತಿದ್ದದ್ದು ಮದ್ರಾಸ್ ವೇಳೆಯ ಮೇಲೆ, ಅಂದರೆ ರೋಣದ ಸೂರ್ಯನಿಗಿಂತ 18 ನಿಮಿಷ ಮುಂದೆ. ಊರು ಬೊಂಬಾಯಿ ಪ್ರಾಂತ್ಯದ್ದು, ರೈಲಿನ ವೇಳೆ ಮದ್ರಾಸಿನದು, ಹೊಲದ ವೇಳೆ ಸೂರ್ಯನದು. 1906ರ ಜನವರಿ 1ರಂದು ಭಾರತೀಯ ಪ್ರಮಾಣ ವೇಳೆ ಬಂದಿತು. ಬೊಂಬಾಯಿ ನಗರ ಮಾತ್ರ 1955ರವರೆಗೆ ತನ್ನದೇ ವೇಳೆಯನ್ನು ಬಿಟ್ಟುಕೊಡಲಿಲ್ಲ.

ಈ ಕಥೆಯ ಒಂದು ಪಾಲು ಪ್ರತಿ ಲಿನಕ್ಸ್ ಯಂತ್ರದೊಳಗೂ ಇದೆ. ಭಾರತದವರು ಆರಿಸಿಕೊಳ್ಳುವ ಸಮಯ ವಲಯದ ಹೆಸರು 'ಏಷ್ಯಾ/ಕೋಲ್ಕತಾ'. ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿದ, ಈಗ ಪಾಲ್ ಎಗರ್ಟ್ ನೋಡಿಕೊಳ್ಳುವ ಆ ಕೋಶದಲ್ಲಿ 1906ರಿಂದ 5:30, ಎರಡನೇ ಮಹಾಯುದ್ಧದ ಕಾಲದಲ್ಲಿ 6:30, 1870ರಿಂದ 1906ರವರೆಗೆ ಮದ್ರಾಸ್ ವೇಳೆ, ಅದಕ್ಕೂ ಹಿಂದೆ 1854ರಿಂದ ಹೌರಾ ವೇಳೆ ದಾಖಲಾಗಿವೆ.

ಈಗ 1858ರ ಮೇ 29ಕ್ಕೆ ಹೋಗೋಣ. ಆ ರಾತ್ರಿ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ಕಡೆಯವರು ಬ್ರಿಟಿಷ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಆ ಇರುಳಿನ ಒಂದು ಗಂಟೆಯನ್ನು ನಾವು ಡಿಜಿಟಲ್ ಕಾಲಾನುಕ್ರಮಣಿಕೆಗೆ ಸೇರಿಸಿದರೆ ಲಿನಕ್ಸ್ ಅದನ್ನು ಹೌರಾದ ಗಂಟೆ ಎಂದು ಓದುತ್ತದೆ. ಹೌರಾ ವೇಳೆ 5 ಗಂಟೆ 53 ನಿಮಿಷ ಮುಂದೆ, ನರಗುಂದದ ಸೂರ್ಯ 5 ಗಂಟೆ 1 ನಿಮಿಷ ಮುಂದೆ. ಘಟನೆ 52 ನಿಮಿಷ ಹಿಂದಕ್ಕೆ ಸರಿಯುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಯಾವ ತಂತಿ ಎಷ್ಟು ಗಂಟೆಗೆ ಹೊರಟಿತು, ಯಾವ ಆದೇಶ ಯಾವ ಸುದ್ದಿಗೆ ಮೊದಲು ಬಂತು ಎಂದು ಜೋಡಿಸುವವರಿಗೆ 52 ನಿಮಿಷ ಸಣ್ಣದಲ್ಲ. ಕೋಶದ ನಿರ್ವಾಹಕರನ್ನು ದೂರುವಂತಿಲ್ಲ. 1970ಕ್ಕೆ ಹಿಂದಿನ ವಿವರಗಳನ್ನು ನಂಬಿಕೊಳ್ಳಬೇಡಿ ಎಂದು ಅವರೇ ಬರೆದಿದ್ದಾರೆ. ಅದನ್ನು ಓದದೆ ಬಳಸುವವರು ನಾವು.

1970 ಏಕೆಂದರೆ ಯೂನಿಕ್ಸ್‌ನ ಎಣಿಕೆ ಶುರುವಾಗುವುದು ಆ ವರ್ಷದ ಜನವರಿ 1ರಿಂದ. ಚಾಲುಕ್ಯ ಆರನೇ ವಿಕ್ರಮಾದಿತ್ಯ ಶಕವರ್ಷವನ್ನು ಬದಿಗಿಟ್ಟು 1076ರಿಂದ ಹೊಸ ಎಣಿಕೆ ಆರಂಭಿಸಿದ ಹಾಗೆ, ಇದೂ ಒಂದು ಕಡೆ ಗೂಟ ಹೊಡೆದು ಅಳೆಯುವ ಕ್ರಮ. 1980ರ ಜುಲೈ 21, ನರಗುಂದದ ರೈತ ಬಂಡಾಯದ ದಿನ, ಈ ಎಣಿಕೆಯಲ್ಲಿ 33 ಕೋಟಿ ಸೆಕೆಂಡುಗಳ ಆಸುಪಾಸು. 1858ರ ಬಂಡಾಯ ಸೊನ್ನೆಗಿಂತ 352 ಕೋಟಿ ಸೆಕೆಂಡು ಕೆಳಗೆ. ಹಳೆಯ 32 ಬಿಟ್ ಎಣಿಕೆ 1901ರ ಡಿಸೆಂಬರ್ 13ಕ್ಕೇ ನಿಂತುಬಿಡುವುದರಿಂದ ಬಾಬಾಸಾಹೇಬನಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಲ್ಯಾಪ್‌ಟಾಪಿನ ತೊಂದರೆಗೆ ಪರಿಹಾರ ಸುಲಭ. ಪ್ರತಿ ಸಲ ದಿನಾಂಕವೇ ಹಳೆಯದಾಗುತ್ತಿದ್ದರೆ ಚಿಪ್ಪಿನ ಬ್ಯಾಟರಿ ಬದಲಿಸಬೇಕು. ಡೆಸ್ಕ್‌ಟಾಪಿನಲ್ಲಾದರೆ ಅದು ಸಾಮಾನ್ಯವಾಗಿ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯಾದರೆ ಬ್ಯಾಟರಿಯ ತಪ್ಪಿಲ್ಲ. 'ಟೈಮ್‌ಡೇಟ್‌ಸಿಟಿಎಲ್' ಆಜ್ಞೆ ಕೊಟ್ಟು ಚಿಪ್ಪಿನ ವೇಳೆಯನ್ನು ಲಿನಕ್ಸ್ ಹೇಗೆ ಓದುತ್ತಿದೆ ಎಂದು ನೋಡಿ, ಚಿಪ್ಪಿನಲ್ಲಿ ಯುಟಿಸಿಯನ್ನೇ ಇಟ್ಟು ವಿಂಡೋಸ್‌ಗೂ ಹಾಗೆಯೇ ಓದಲು ಹೇಳುವುದು ಒಳ್ಳೆಯದು.

ಹಳೆಯ ದಾಖಲೆಗಳ ತೊಂದರೆಗೆ ಬೇರೆ ಶಿಸ್ತು ಬೇಕು. ನಮ್ಮ ಶಾಸನಗಳ ಲಿಪಿಕಾರರು ವರ್ಷವೊಂದನ್ನೇ ಬರೆದು ಬಿಡುತ್ತಿರಲಿಲ್ಲ. ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಒಟ್ಟಿಗೆ ಕೊರೆಯುತ್ತಿದ್ದರು. ಒಂದು ತಪ್ಪಿದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಕಾಗದಪತ್ರಗಳನ್ನು ಡಿಜಿಟಲೀಕರಿಸುವಾಗ ನಾವೂ ಮೂಲದಲ್ಲಿ ಇದ್ದ ವೇಳೆಯನ್ನು ಇದ್ದಂತೆಯೇ ಬರೆದು, ಅದು ಯಾವ ಊರಿನ ಗಡಿಯಾರ ಎಂಬುದನ್ನು ಪಕ್ಕದಲ್ಲೇ ನಮೂದಿಸಬೇಕು. ಇಲ್ಲದಿದ್ದರೆ ನರಗುಂದದ ಇರುಳನ್ನು ಹೌರಾದ ಗಡಿಯಾರವೇ ಅಳೆಯುತ್ತಿರುತ್ತದೆ.