ನ್ಯುಮೋನಿಯಾ ಲಸಿಕೆ: ವೈದ್ಯರೇ ಮರೆತಿದ್ದ ಕಥೆ



ನಮ್ಮ ಶಾಲೆಯಲ್ಲಿ ಓದಿ ಈಗ ಎಂ.ಬಿ.ಬಿ.ಎಸ್. ಕಲಿಯುತ್ತಿರುವ ಹುಡುಗನೊಬ್ಬ ರಜೆಯಲ್ಲಿ ಸಿಕ್ಕಿದ್ದ. ಅವನ ಅಜ್ಜ ಹಜ್ ಯಾತ್ರೆಗೆ ಹೊರಟಿದ್ದರು. ಮೆನಿಂಜೈಟಿಸ್ ಲಸಿಕೆ ಕಡ್ಡಾಯವಾದ್ದರಿಂದ ಅದನ್ನು ಹಾಕಿಸಿಕೊಂಡಾಗಿತ್ತು. "ನ್ಯುಮೋನಿಯಾದ್ದು?" ಎಂದು ಕೇಳಿದೆ. "ಅದು ಮಕ್ಕಳಿಗೆ. ದೊಡ್ಡವರಿಗೆ ಬಂದರೆ ಆಂಟಿಬಯಾಟಿಕ್ ಇದೆಯಲ್ಲ" ಎಂದ. ಹುಡುಗ ಜಾಣ, ಆದರೆ ಉತ್ತರ ಹಳೆಯದು. ಅದಕ್ಕೆ ಸುಮಾರು 80 ವರ್ಷ ವಯಸ್ಸಾಗಿದೆ. ಅದು ಹುಟ್ಟಿದ ಬಗೆಯನ್ನು, ಮುಖ್ಯವಾಗಿ ವೈದ್ಯರಾಗಬೇಕೆಂದಿರುವ ನೀವು, ತಿಳಿದಿರಬೇಕು.

ಯುನಾನಿ ಹಕೀಮರು ಈ ರೋಗವನ್ನು 'ಜಾತುರ್ರಿಯಾ' ಎನ್ನುತ್ತಿದ್ದರು. ರಿಯಾ ಎಂದರೆ ಶ್ವಾಸಕೋಶ. ಇದಕ್ಕೆ ಮುಖ್ಯ ಕಾರಣವಾದ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮತ್ತು ಅಮೆರಿಕದ ಜಾರ್ಜ್ ಸ್ಟರ್ನ್‌ಬರ್ಗ್ ಬೇರೆಬೇರೆಯಾಗಿಯೇ ಕಂಡುಹಿಡಿದರು. 1911ರಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕಾರ್ಮಿಕರು ಈ ರೋಗದಿಂದ ಸಾಯುತ್ತಿದ್ದಾಗ ಆಲ್ಮ್ರೋತ್ ರೈಟ್ ಎಂಬ ಬ್ರಿಟಿಷ್ ವೈದ್ಯ ಲಸಿಕೆಯ ಪ್ರಯೋಗಕ್ಕೆ ಕೈಹಾಕಿದ. ಅದು ಅಷ್ಟಾಗಿ ಫಲಿಸಲಿಲ್ಲ. ಈ ಬ್ಯಾಕ್ಟೀರಿಯಾದಲ್ಲಿ ಅನೇಕ ಬಗೆಗಳಿವೆ, ಒಂದರ ಲಸಿಕೆ ಇನ್ನೊಂದನ್ನು ತಡೆಯಲಾರದು ಎಂಬುದು ಸ್ಪಷ್ಟವಾದದ್ದು ಆಮೇಲೆ.

ಎರಡನೆಯ ಮಹಾಯುದ್ಧದ ಕೊನೆಗೆ, 1945ರಲ್ಲಿ, ಅಮೆರಿಕದ ಸುಮಾರು 17,000 ಸೈನಿಕರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ನಾಲ್ಕು ಬಗೆಗಳ ಲಸಿಕೆ ಕೊಟ್ಟಿದ್ದರು. ಆ ನಾಲ್ಕು ಬಗೆಗಳ ನ್ಯುಮೋನಿಯಾ ಅವರಲ್ಲಿ ಬಹುಮಟ್ಟಿಗೆ ನಿಂತಿತು. ಬೆನ್ನಿಗೇ ಆರು ಬಗೆಗಳ ಲಸಿಕೆಗಳೂ ಮಾರುಕಟ್ಟೆಗೆ ಬಂದವು.

ಆದರೆ ಅವನ್ನು ಕೊಳ್ಳುವವರಿರಲಿಲ್ಲ! ಅದೇ ಹೊತ್ತಿಗೆ ಪೆನ್ಸಿಲಿನ್ ಬಂದಿತ್ತು. ಸಾವಿನ ಬಾಯಲ್ಲಿದ್ದ ರೋಗಿ ಎದ್ದು ಕೂರುವುದನ್ನು ಕಣ್ಣಾರೆ ಕಂಡ ವೈದ್ಯರಿಗೆ ಲಸಿಕೆಯ ಹಂಗೇಕೆ ಎನಿಸಿತು. 1950ರ ದಶಕದಲ್ಲಿ ತಯಾರಕರು ಲಸಿಕೆಯನ್ನು ಹಿಂದಕ್ಕೆ ಪಡೆದರು. ಅಲ್ಲಿಂದ 20 ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ವೈದ್ಯಕೀಯ ಓದಿದವರು ಇಂಥದೊಂದು ಲಸಿಕೆಯನ್ನು ಅಂಗಡಿಯಲ್ಲಿ ನೋಡಲೇ ಇಲ್ಲ. ಮುಂದಿನವರಿಗೆ ಪಾಠ ಹೇಳಿದವರೂ ಅವರೇ ಅಲ್ಲವೇ?

ಈ ನೆಮ್ಮದಿಯನ್ನು ಕೆಡಿಸಿದವರು ರಾಬರ್ಟ್ ಆಸ್ಟ್ರಿಯನ್. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಆಸ್ಪತ್ರೆಯೊಂದರಲ್ಲಿ ಅವರು ವರ್ಷಗಟ್ಟಲೆ ರೋಗಿಗಳ ಲೆಕ್ಕ ಇಟ್ಟರು. 1964ರಲ್ಲಿ ಜೆರೋಮ್ ಗೋಲ್ಡ್ ಜೊತೆ ಅದನ್ನು ಪ್ರಕಟಿಸಿದರು. ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ ಮೇಲೆ, ಮೊದಲ ಐದು ದಿನಗಳೊಳಗೆ ಸಾಯುವಷ್ಟು ರೋಗ ಉಲ್ಬಣಿಸಿದವರನ್ನು ಪೆನ್ಸಿಲಿನ್ ಉಳಿಸುತ್ತಿರಲಿಲ್ಲ. ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ನಿಜ, ಆಗಿಹೋದ ಹಾನಿಯನ್ನು ಅಳಿಸಲಾರದು. ಅಂಥವರನ್ನು ಉಳಿಸಬೇಕಾದರೆ ರೋಗ ಬರುವ ಮೊದಲೇ ತಡೆಯಬೇಕಿತ್ತು. ಆಸ್ಟ್ರಿಯನ್ ಮತ್ತೆ ದಕ್ಷಿಣ ಆಫ್ರಿಕಾದ ಗಣಿಗಳಿಗೇ ಹೋಗಿ ಪ್ರಯೋಗ ನಡೆಸಿದರು. 1977ರಲ್ಲಿ 14 ಬಗೆಗಳ, 1983ರಲ್ಲಿ 23 ಬಗೆಗಳ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಎರಡು ವರ್ಷದೊಳಗಿನ ಮಕ್ಕಳಲ್ಲಿ ಈ ಲಸಿಕೆ ಕೆಲಸ ಮಾಡುತ್ತಿರಲಿಲ್ಲ. ಅವರಿಗಾಗಿ ಪ್ರೋಟೀನ್ ಜೋಡಿಸಿದ ಬೇರೆ ಲಸಿಕೆ 2000ದಲ್ಲಿ ಬಂತು. ಭಾರತ ಸರ್ಕಾರ 2017ರಲ್ಲಿ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಲ್ಲಿ ಇದನ್ನು ಆರಂಭಿಸಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ ಮಕ್ಕಳಿಗೆ ಉಚಿತವಾಗಿ ಹಾಕುತ್ತಾರೆ. ನಿಮ್ಮ ಮನೆಯಲ್ಲಿ ಹಸುಗೂಸಿದ್ದರೆ ಅದರ ತಾಯಿ ಕಾರ್ಡನ್ನು ಒಮ್ಮೆ ತೆಗೆದು ನೋಡಿ.

ವಯಸ್ಕರಿಗೆ ಮಾತ್ರ ಇಂಥ ಸಾರ್ವತ್ರಿಕ ಕಾರ್ಯಕ್ರಮವಿಲ್ಲ. 65 ದಾಟಿದವರು, ಮಧುಮೇಹ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯುಳ್ಳವರು ಹಾಕಿಸಿಕೊಳ್ಳುವುದು ಒಳ್ಳೆಯದೆಂದು ತಜ್ಞರು ಹೇಳುತ್ತಾರೆ. ಆದರೆ ಸಾಮಾನ್ಯವಾಗಿ ಸ್ವಂತ ಖರ್ಚಿನಲ್ಲೇ ಹಾಕಿಸಿಕೊಳ್ಳಬೇಕು. ವೈದ್ಯರು ಬಾಯಿಬಿಟ್ಟು ಹೇಳದೆ ಯಾವ ಅಜ್ಜನೂ ತಾನಾಗಿ ಕೇಳುವುದಿಲ್ಲ. ಆ ಹುಡುಗನಿಗೆ ಇದನ್ನೆಲ್ಲ ಹೇಳಿದಾಗ, ತನ್ನ ಕಾಲೇಜಿನ ಪ್ರೊಫೆಸರರನ್ನು ಕೇಳಿ ಅಜ್ಜನಿಗೆ ತಿಳಿಸುತ್ತೇನೆಂದ.