ಮಂಗಳೂರಿನ ಆಸ್ಪತ್ರೆ ಬಿಲ್, ಕಾಸರಗೋಡಿನ ಪಾಲಿಸಿ: ತಿಳಿದಿರಬೇಕಾದ ವಿಷಯಗಳು

ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಕಾಸರಗೋಡಿನವರೆಗೆ ದೊಡ್ಡ ಕಾಯಿಲೆ ಎಂದರೆ ಆಂಬುಲೆನ್ಸ್ ಹೊರಡುವುದು ಮಂಗಳೂರು, ದೇರಳಕಟ್ಟೆ ಕಡೆಗೆ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟೆಂಬುದು ಎಲ್ಲರಿಗೂ ಗೊತ್ತಾಯಿತು. ಚಿಕಿತ್ಸೆ ಒಂದು ರಾಜ್ಯದಲ್ಲಿ, ಮನೆ ಇನ್ನೊಂದು ರಾಜ್ಯದಲ್ಲಿ ಇರುವಾಗ ಬಿಲ್ ಮತ್ತು ವಿಮೆಯ ಲೆಕ್ಕ ತಿಳಿದಿರದಿದ್ದರೆ ಪಾಲಿಸಿ ಇದ್ದೂ ಸಾಲ ಮಾಡಬೇಕಾಗುತ್ತದೆ.

ರೂಮ್ ಬಾಡಿಗೆ: ನಷ್ಟ ಶುರುವಾಗುವುದೇ ಇಲ್ಲಿ

ಹಲವು ಪಾಲಿಸಿಗಳಲ್ಲಿ ದಿನದ ರೂಮ್ ಬಾಡಿಗೆಗೆ ವಿಮಾ ಮೊತ್ತದ ಶೇ.1ರ ಮಿತಿ ಇರುತ್ತದೆ. 5 ಲಕ್ಷದ ಪಾಲಿಸಿಗೆ ಅದು 5,000 ರೂ. ರೋಗಿಯನ್ನು 10,000 ರೂ.ಯ ರೂಮಿಗೆ ಸೇರಿಸಿದರೆ ಬಾಡಿಗೆಯ ವ್ಯತ್ಯಾಸ ಮಾತ್ರ ಕೊಟ್ಟರೆ ಸಾಕು ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ವೈದ್ಯರ ಫೀಸ್, ಆಪರೇಷನ್ ಥಿಯೇಟರ್, ನರ್ಸಿಂಗ್ ಶುಲ್ಕಗಳೂ ಅದೇ ಅನುಪಾತದಲ್ಲಿ ಕಡಿತವಾಗುತ್ತವೆ.

ಒಂದು ಉದಾಹರಣೆ: 5 ದಿನದ ಬಾಡಿಗೆ 50,000, ವೈದ್ಯರು ಮತ್ತು ಥಿಯೇಟರ್ 1 ಲಕ್ಷ, ಔಷಧಿ ಮತ್ತು ಪರೀಕ್ಷೆ 50,000, ಒಟ್ಟು 2 ಲಕ್ಷ. ವಿಮೆಯಿಂದ ಸಿಗುವುದು 25,000 + 50,000 + 50,000, ಅಂದರೆ 1.25 ಲಕ್ಷ. ಉಳಿದ 75,000 ಮನೆಯವರ ತಲೆ ಮೇಲೆ. ಔಷಧಿ, ಇಂಪ್ಲಾಂಟ್, ಪರೀಕ್ಷೆ ಮತ್ತು ಐಸಿಯು ಶುಲ್ಕಕ್ಕೆ ಈ ಕಡಿತ ಹಾಕುವಂತಿಲ್ಲ. ಹಾಕಿದ್ದರೆ ಪ್ರಶ್ನಿಸಬಹುದು.

ಬಿಲ್ ಕೈಗೆ ಬಂದಾಗ

ಐಟಂವಾರು ಬಿಲ್ ಕೇಳುವುದು ರೋಗಿಯ ಹಕ್ಕು. 'ಪ್ಯಾಕೇಜ್' ಎಂದು ಒಂದೇ ಸಾಲಿನಲ್ಲಿ ಬರೆದು ಕೊಟ್ಟರೆ ಒಪ್ಪಬೇಕಾಗಿಲ್ಲ. ಗ್ಲೌಸ್, ಮಾಸ್ಕ್‌ನಂಥ ವಸ್ತುಗಳಿಗೆ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ. ಅದಕ್ಕೆ ಬೇರೆ ರೈಡರ್ ಬೇಕು.

ಕ್ಯಾಶ್‌ಲೆಸ್ ಕೋರಿಕೆಗೆ ಕಂಪೆನಿ 1 ಗಂಟೆಯೊಳಗೆ, ಡಿಸ್ಚಾರ್ಜ್ ಅನುಮತಿಗೆ 3 ಗಂಟೆಯೊಳಗೆ ಉತ್ತರಿಸಬೇಕು ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) 2024ರ ನಿಯಮ. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪೆನಿಯೇ ಭರಿಸಬೇಕು. ಬಾಕಿ ಇದೆ ಎಂದು ಮಯ್ಯತ್ ತಡೆಹಿಡಿಯಲು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ಅವಕಾಶವಿಲ್ಲ.

ಏರುವ ಪ್ರೀಮಿಯಂ, ಗಲ್ಫ್‌ನಿಂದ ಮರಳಿದವರು

ಗಲ್ಫ್‌ನಲ್ಲಿ ಕೆಲಸ ಇರುವಷ್ಟು ದಿನ ಅಲ್ಲಿನ ಕಂಪೆನಿಯ ವಿಮೆ ಇರುತ್ತದೆ. ಕೆಲಸ ಬಿಟ್ಟ ಮೇಲೆ ಅದು ಮುಗಿಯುತ್ತದೆ. 55-60ನೇ ವಯಸ್ಸಿನಲ್ಲಿ ಊರಿಗೆ ಬಂದು ಹೊಸ ಪಾಲಿಸಿ ಮಾಡಿದರೆ ಪ್ರೀಮಿಯಂ ದುಬಾರಿ, ಜೊತೆಗೆ ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೆ ಕಾಯಬೇಕಾಗಬಹುದು. ಅಲ್ಲಿರುವಾಗಲೇ ಊರಿನಲ್ಲೊಂದು ಪಾಲಿಸಿ ಶುರು ಮಾಡಿದವರಿಗೆ ಈ ಕಾಯುವಿಕೆ ಮೊದಲೇ ಮುಗಿದಿರುತ್ತದೆ. ಬಿಪಿ, ಶುಗರ್ ಇದ್ದರೆ ಅರ್ಜಿಯಲ್ಲೇ ಹೇಳಬೇಕು. ಮುಚ್ಚಿಟ್ಟರೆ ಕ್ಲೈಮ್ ತಿರಸ್ಕಾರಕ್ಕೆ ಅದೇ ಕಾರಣವಾಗುತ್ತದೆ. ಸತತ 5 ವರ್ಷ ಪಾಲಿಸಿ ನಡೆಸಿದ ಮೇಲೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿದ್ದರೆಂದು ಕ್ಲೈಮ್ ತಿರಸ್ಕರಿಸುವಂತಿಲ್ಲ.

60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ.10ಕ್ಕಿಂತ ಹೆಚ್ಚು ಏರಿಸುವ ಮೊದಲು ಕಂಪೆನಿ ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ಪಾಲಿಸಿಗಳ ಮೇಲಿನ ಶೇ.18 ಜಿಎಸ್‌ಟಿ ಇಲ್ಲವಾಗಿದೆ. ನವೀಕರಣದ ರಸೀದಿಯಲ್ಲಿ ಇದನ್ನು ನೋಡಿಕೊಳ್ಳಬೇಕು.

ಸರಕಾರಿ ಕಾರ್ಡ್

ಖಾಸಗಿ ವಿಮೆ ಬೇಡ ಎನ್ನುವವರು, ಪ್ರೀಮಿಯಂ ಕಟ್ಟಲಾಗದವರು ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಹೆಸರು ಇದೆಯೇ ಎಂದು ನೋಡಬೇಕು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಗಡಿ ದಾಟುವ ಮೊದಲು ಆ ಕಾರ್ಡ್ ಮಂಗಳೂರಿನ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ದೂರು ಎಲ್ಲಿಗೆ?

ಬಿಲ್ ಬಗ್ಗೆ ತಕರಾರಿದ್ದರೆ ಆಸ್ಪತ್ರೆ ಇರುವ ಜಿಲ್ಲೆಯಲ್ಲಿ, ಅಂದರೆ ದಕ್ಷಿಣ ಕನ್ನಡ ಜಿಲ್ಲಾಧಿಕಾರಿ ನೇತೃತ್ವದ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬೇಕು. ಕ್ಲೈಮ್ ತಿರಸ್ಕಾರವಾದರೆ ಮೊದಲು ಕಂಪೆನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್. ಕಾಸರಗೋಡಿನವರಿಗೆ ಅದು ಕೊಚ್ಚಿ ಕಚೇರಿ. 50 ಲಕ್ಷ ರೂ.ವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

ಮನೆಯ ಯುವಕರು ಮಾಡಬಹುದಾದ ಕೆಲಸ ಸಣ್ಣದು. ಪಾಲಿಸಿಯ ರೂಮ್ ಮಿತಿ, ಕಾಯುವ ಅವಧಿ, ಕಂಪೆನಿಯ ಸಹಾಯವಾಣಿ ಸಂಖ್ಯೆ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರಿಗೆಲ್ಲ ಕೊಡುವುದು. ತುರ್ತು ಹೊತ್ತಿನಲ್ಲಿ ಪಾಲಿಸಿ ಪುಸ್ತಕ ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ.