ಬಿಳಿ ಬಣ್ಣದ ಅಡಿಯಿಂದ ಇಣುಕುವ ಸಂತರು

ಇವತ್ತು ನಿಮ್ಮನ್ನ ಇಂಗ್ಲೆಂಡಿನ ಪೂರ್ವಕ್ಕಿರೋ ನಾರ್ಫೋಕ್ ಜಿಲ್ಲೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಬಿನಮ್ ಅನ್ನೋ ಸಣ್ಣ ಹಳ್ಳಿ. ಹಳ್ಳಿ ಚಿಕ್ಕದು, ಚರ್ಚ್ ಮಾತ್ರ ಭಾರೀ ದೊಡ್ಡದು. ಯಾಕೆ ಅಂದ್ರೆ ಇದು ಮೊದಲು ಪ್ರಯರಿ, ಅಂದ್ರೆ ಕ್ರೈಸ್ತ ಸನ್ಯಾಸಿಗಳ ಮಠ. 11ನೇ ಶತಮಾನದ ಕೊನೆಯಲ್ಲಿ ಶುರುವಾದ ಈ ಬೆನೆಡಿಕ್ಟೈನ್ ಮಠ ಸೇಂಟ್ ಆಲ್ಬನ್ಸ್‌ನ ದೊಡ್ಡ ಮಠದ ಶಾಖೆಯಾಗಿತ್ತು.

ಮುಂಭಾಗದಲ್ಲಿ ಒಂದು ಎತ್ತರದ ಕಿಟಕಿ ಇದೆ. 13ನೇ ಶತಮಾನದ್ದು. ಕಲ್ಲನ್ನೇ ತೆಳುವಾಗಿ ಕೊರೆದು ಜಾಲರಿ ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ ಈ ಶೈಲಿ ಕಾಣಿಸಿಕೊಂಡ ಮೊದಮೊದಲ ಜಾಗಗಳಲ್ಲಿ ಇದೂ ಒಂದು ಅಂತಾರೆ. ಈಗ ಅದರ ಬಹುಭಾಗಕ್ಕೆ ಇಟ್ಟಿಗೆ ತುಂಬಿದೆ.

ಈ ಚರ್ಚನ್ನು ಇಬ್ಬರು ಹಂಚಿಕೊಂಡಿದ್ದರು. ಪೂರ್ವದ ಭಾಗ ಸನ್ಯಾಸಿಗಳದ್ದು. ಪಶ್ಚಿಮದ ಉದ್ದನೆಯ ಹಜಾರ, ಅಂದ್ರೆ ನೇವ್, ಊರಿನ ಜನರದ್ದು. 1539ರಲ್ಲಿ ಎಂಟನೇ ಹೆನ್ರಿಯ ಆಳ್ವಿಕೆಯಲ್ಲಿ ಮಠ ಮುಚ್ಚಿತು. ಸನ್ಯಾಸಿಗಳ ಭಾಗ ಪಾಳುಬಿತ್ತು. ಜನರ ಭಾಗ ಉಳಿಯಿತು. ಕಾರಣ ತುಂಬಾ ಸರಳ: ಅವರಿಗೆ ಅದು ದಿನಾ ಬೇಕಿತ್ತು. ಇವತ್ತಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತೆ.

ಒಳಗೆ ಹೋದರೆ ಎಂಟು ಮುಖದ ಕಲ್ಲಿನ ಜ್ಞಾನಸ್ನಾನದ ತೊಟ್ಟಿ. ಅದರ ಏಳು ಮುಖಗಳಲ್ಲಿ ಏಳು ಸಂಸ್ಕಾರಗಳ ಕೆತ್ತನೆ. ಹೊಸ ಪ್ರಾಟೆಸ್ಟಂಟ್ ಧರ್ಮ ಒಪ್ಪಿದ್ದು ಎರಡನ್ನೇ, ಜ್ಞಾನಸ್ನಾನ ಮತ್ತು ಪ್ರಭುಭೋಜನ. ಆದರೂ ಏಳನ್ನೂ ಕೆತ್ತಿದ ತೊಟ್ಟಿ ಅಲ್ಲೇ ಇದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸೋದು ಕೆಲವು ಮರದ ಹಲಗೆಗಳು. ಇವು ರೂಡ್ ಸ್ಕ್ರೀನ್‌ನ ಭಾಗ. ರೂಡ್ ಸ್ಕ್ರೀನ್ ಅಂದ್ರೆ, ಜನ ಕೂರುವ ಜಾಗಕ್ಕೂ ಪೀಠದ ಜಾಗಕ್ಕೂ ನಡುವೆ ಇರ್ತಿದ್ದ ಮರದ ಅಡ್ಡತೆರೆ. ಅದರ ಮೇಲೆ ಸಂತರ ಬಣ್ಣದ ಚಿತ್ರಗಳಿದ್ದವು. ಧರ್ಮ ಸುಧಾರಣೆಯ ಕಾಲದಲ್ಲಿ ಚಿತ್ರಪೂಜೆ ತಪ್ಪು ಅಂತಾಯ್ತು. ಚಿತ್ರಗಳ ಮೇಲೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಇಂಗ್ಲಿಷ್ ಬೈಬಲ್ ವಾಕ್ಯಗಳನ್ನು ಬರೆದರು. ಆ ಅನುವಾದವೂ ಮಠ ಮುಚ್ಚಿದ ವರ್ಷದ್ದೇ, 1539.

ಕಾಲ ಕಳೆದ ಹಾಗೆ ಬಿಳಿ ಬಣ್ಣ ಉದುರತೊಡಗಿತು. ಈಗ ಅಕ್ಷರಗಳ ನಡುವಿನಿಂದ ಸಂತರ ಮುಖಗಳು ನಮ್ಮನ್ನೇ ನೋಡ್ತಿವೆ. ಅಳಿಸಿದವರ ಕೈಬರಹ, ಅಳಿಸಿಹೋದವರ ಮುಖ, ಎರಡೂ ಒಂದೇ ಹಲಗೆಯ ಮೇಲೆ.

ನಾವು ಇತಿಹಾಸವನ್ನ ಗೆದ್ದವರು, ಸೋತವರು ಅಂತ ಓದ್ತೀವಿ. ಈ ಹಲಗೆಯಲ್ಲಿ ಯಾರು ಗೆದ್ದರು ಹೇಳಿ? ಬಿಳಿ ಬಣ್ಣವನ್ನ ಪೂರ್ತಿ ಕೆರೆದರೆ ಅಕ್ಷರ ಹೋಗುತ್ತೆ. ಮತ್ತೆ ಬಳಿದರೆ ಮುಖ ಹೋಗುತ್ತೆ. ಯಾವ ಕಡೆ ಸರಿಮಾಡೋಕೆ ಹೋದರೂ ಒಂದು ಕಾಲದ ಜನರ ನಂಬಿಕೆಯನ್ನ ಮತ್ತೊಮ್ಮೆ ಅಳಿಸಿದ ಹಾಗೆ. ಹಾಗಾಗಿ ಅರ್ಧಂಬರ್ಧವಾಗಿ ಕಾಣೋ ಆ ಹಲಗೆನೇ ನನಗೆ ಪೂರ್ತಿ ಇತಿಹಾಸ ಅನ್ಸುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.